ತವರಿನ ಹೆಸರಿಗೊಂದು ಖಾನೆ

ಬೀದರ್, ಭಾಲ್ಕಿ, ಔರಾದಿನ ಮೂರು ಹೆರಿಗೆ ಆಸ್ಪತ್ರೆಗಳಿಗೆ ಸೇರಿ ಒಂದೇ ದಾಖಲೆ ಮಾಡುವ ಕೆಲಸ ನನ್ನದಾಗಿತ್ತು. ನರ್ಸುಗಳು ನೋಡುವ ಪರದೆಯೂ ನನ್ನದೇ, ಒಂದು ಆಸ್ಪತ್ರೆಯ ಕಂಪ್ಯೂಟರ್ ಇನ್ನೊಂದನ್ನು ಪ್ರಶ್ನೆ ಕೇಳುವ ರೀತಿಯೂ ನನ್ನದೇ. ಪರದೆಯಲ್ಲಿ ಖಾನೆ ಕಡಿಮೆಯಿದ್ದಷ್ಟೂ ಚಂದ ಎಂಬುದು ನನ್ನ ಹಟ. ಹೆಸರು, ಊರು, ಅಷ್ಟೇ. ಎರಡೂ ಹೊಂದಿದರೆ ಬಸುರಿಯ ಚೀಟಿ ತೆರೆಯುತ್ತದೆ. ಇಲ್ಲದಿದ್ದರೆ ‘ದಾಖಲೆ ಇಲ್ಲ’.

“ಖಾನಿ ಕಮ್ಮಿ ಬೀಳ್ತಾವ್ರಿ ಸರ್,” ಎಂದಿದ್ದರು ಭಾಲ್ಕಿಯ ಹಿರಿಯ ಸಿಸ್ಟರ್. ನಕ್ಕು ತಳ್ಳಿಹಾಕಿದ್ದೆ. ಎಂಥ ಜಾಣ ನಾನು!

ತಿಂಗಳೊಳಗೆ ಅವರಿಂದ ಫೋನ್ ಬಂತು. ಭಾಲ್ಕಿಗೆ ಹೋದೆ. ಔರಾದ್ ಕಡೆಯ ಸೊಸೆಯೊಬ್ಬಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಐದನೇ ತಿಂಗಳಲ್ಲಿ ಔರಾದಿನಲ್ಲಿ ಒಂದು ಇಂಜೆಕ್ಷನ್ ಒಗ್ಗದೆ ಉಸಿರು ಕಟ್ಟಿ ಬಿದ್ದವಳು. ಅದನ್ನು ಅಲ್ಲಿಯ ಅವಳ ಚೀಟಿಯಲ್ಲಿ ಕೆಂಪಕ್ಷರದಲ್ಲಿ ಹಾಕಿದ್ದರು. ಇಲ್ಲಿ ಡಾಕ್ಟರು ಅದೇ ಇಂಜೆಕ್ಷನ್ ಬರೆದಿದ್ದರು. ಪರದೆ ‘ದಾಖಲೆ ಇಲ್ಲ’ ಎಂದಿತ್ತು.

“ಸೂಜಿ ತುಂಬ್ಕೊಂಡು ನಿಂತಿದ್ದೆ ನೋಡ್ರಿ,” ಎಂದರು ಸಿಸ್ಟರ್. “ಒಂಬತ್ತು ತಿಂಗಳ ಬಸರಿ, ಎಲ್ಲೂ ತೋರಿಸ್ಲಾರದೆ ಇರ್ತಾಳೇನ್ರಿ? ಅತ್ತಿ ಮನ್ಯಾಗ ನಿನಗ ಏನಂತ ಕರೀತಾರವ್ವಾ ಅಂತ ಕೇಳ್ದೆ.”

ಆ ಹೆಸರು, ಆ ಊರು ಹಾಕಿದಾಗ ಕೆಂಪಕ್ಷರ ಬಂತಂತೆ, ಸೂಜಿ ಕೆಳಗಿಟ್ಟರಂತೆ. ತಾಯಿ, ಕೂಸು ಇಬ್ಬರೂ ಒಳಗೆ ಮಲಗಿದ್ದರು. ಬಾಗಿಲಲ್ಲಿ ನಿಂತು ನೋಡಿದೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮದುವೆಯ ದಿನ ತಾಟಿನ ಅಕ್ಕಿಯಲ್ಲಿ ಸೊಸೆಗೆ ಹೊಸ ಹೆಸರು ಬರೆಯುತ್ತಾರೆ. ತವರಿನಲ್ಲಿ ಮಾತ್ರ ಹಳೆಯದೇ ನಡೆಯುತ್ತದೆ. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಹಿತ್ತಲ ಗಿಡ ಮದ್ದಲ್ಲ, ಅಷ್ಟೇ.

“ನಿಮ್ಮ ಅವ್ವಗ ಎಷ್ಟು ಹೆಸರ್ರಿ ಸರ್?” ಎಂದರು ಸಿಸ್ಟರ್.

“ಎರಡು.”

“ತವರಿಂದು ಯಾವ್ದು?”

ನನಗೆ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಎರಡು ದಿನ ಬೀದರಿನ ಚಿದ್ರಿಯ ನಮ್ಮ ಮನೆಯಲ್ಲೇ ಕೂತು ತವರಿನ ಹೆಸರಿಗೊಂದು, ತವರೂರಿಗೊಂದು ಖಾನೆ ಕೂಡಿಸಿದೆ. ಯಾವ ಹೆಸರು ಕೊಟ್ಟರೂ ಅದೇ ಚೀಟಿ ತೆರೆಯುವಂತೆ ಮೂರೂ ಕಡೆ ಬದಲಿಸಿದೆ. ಪರೀಕ್ಷೆಗೆಂದು ಅವ್ವನ ಹೆಸರಲ್ಲೇ ಒಂದು ಚೀಟಿ ಮಾಡಿದೆ, ತವರಿನ ಹೆಸರು ಬೇಕಿತ್ತು. ಮೆಂತ್ಯ ಸೊಪ್ಪು ಸೋಸುತ್ತಿದ್ದ ಅವಳನ್ನೇ ಕೇಳಿದೆ.

“ಯಾಕ ಬೇಕೋ ಅದು? ಹಂಗ ಕರಿಯೋರು ಈಗ ಯಾರೂ ಉಳಿದಿಲ್ಲ.” ಸೋಸುತ್ತಲೇ ಆ ಹೆಸರು ಹೇಳಿದಳು.

ಖಾನೆಯಲ್ಲಿ ತುಂಬಿ, ಅದೇ ಹೆಸರಿನಿಂದ ಹುಡುಕಿದೆ. ಚೀಟಿ ತೆರೆಯಿತು. ಸರಿಯಾಗಿದೆಯೇ ಎಂದು ಆ ಹೆಸರನ್ನು ಗಟ್ಟಿಯಾಗಿ ಓದಿದೆ.

ಅವ್ವನ ಕೈ ಸೊಪ್ಪಿನ ಮೇಲೆ ನಿಂತಿತು.

“ಇನ್ನೊಮ್ಮಿ ಅನ್ನು,” ಎಂದಳು.