ಮಿಕ್ಸಿಗೂ ಸೊನ್ನೆ ಬಂದಾಗ

ನಮ್ಮ ಸೀಮೆಹಸು ಮನೆಯಲ್ಲೇ ಉಳಿಯಿತು! ಉಳಿಸಿದವಳು ನನ್ನ ಮೊಮ್ಮಗಳು, ಕೆ.ಆರ್. ಪೇಟೆಯಲ್ಲಿ ಐಟಿಐ ಎಲೆಕ್ಟ್ರಿಕಲ್ ಓದುವ ಹುಡುಗಿ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿಬಿಟ್ಟಿದ್ದೇನೆ. ಓದು ಕಮ್ಮಿಯಾದರೂ ಬರೆಯದೆ ಇರಲಾಗಲಿಲ್ಲ.

ಅದಕ್ಕೆ ಮೊದಲು ಪಟ್ಟ ಸಂಕಟ ನನಗೇ ಗೊತ್ತು. ಪಾಂಡವಪುರದ ಶೆಡ್ಡೊಂದರಲ್ಲಿ ಒಬ್ಬ ಪುಕ್ಕಟೆ ಕರೆಂಟಿನ ಮಿಷನ್ನು ಮಾರುತ್ತಿದ್ದ. ಶುರು ಮಾಡಲಷ್ಟೇ ಪ್ಲಗ್ಗಿನ ಕರೆಂಟು ಬೇಕು, ಆಮೇಲೆ ತಾನೇ ತಿರುಗಿ ಪಂಪ್‌ಸೆಟ್ಟು ಓಡಿಸುತ್ತದೆ ಅಂತ. ಹೊತ್ತಲ್ಲದ ಹೊತ್ತಿಗೆ ಬರುವ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟಿಗೆ ಕಾದು ಬೇಸತ್ತಿದ್ದ ಮಗ, ಹಸು ಮಾರಿ ಅದನ್ನೇ ತರುತ್ತೇನೆಂದು ಹಟ ಹಿಡಿದ. ಹಸುವೋ ಮೊಮ್ಮಗಳು ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದು, ಈಗ ಚೊಚ್ಚಲ ಗಬ್ಬ.

"ಕರೆಂಟೇ ಬ್ಯಾಡ ಅಂದ್ರೆ ಪಿನ್ನು ಕಿತ್ತಾಕಿ ತೋರ್ಸು ಅನ್ಲಾ," ಅಂದೆ.

"ಕಿತ್ರೆ ಬ್ಯಾಲೆನ್ಸು ತಪ್ಪೋಯ್ತದಂತೆ ಕಣವ್ವ. ನಿಂಗೇನ್ ಗೊತ್ತು, ಸುಮ್ಕಿರು."

ಎಷ್ಟು ಸಲ ಹೇಳಿದರೂ ಅದೇ ಉತ್ತರ. ನನಗೆ ತಲೆ ಕೆಟ್ಟುಹೋಯಿತು.

ಮೊಮ್ಮಗಳು ಕ್ಲಾಂಪ್ ಮೀಟರ್ ತಂದಳು. ವೈರಿಗೆ ಇಕ್ಕಳದ ಹಾಗೆ ಕಚ್ಚಿಸಿದರೆ ಎಷ್ಟು ಕರೆಂಟು ಹರಿಯುತ್ತಿದೆಯೆಂದು ತೋರಿಸುವ ಸಾಮಾನು. ಮೂವರೂ ಶೆಡ್ಡಿಗೆ ಹೋದೆವು; ಓಡುತ್ತಿದ್ದ ಮಿಷನ್ನಿನ ಪ್ಲಗ್ಗಿನ ವೈರಿಗೆ ಅವಳು ಕಚ್ಚಿಸಿದಳು. ಸೊನ್ನೆ! ತೆಗೆದು ಮತ್ತೆ ಹಾಕಿದಳು. ಮತ್ತೂ ಸೊನ್ನೆ.

"ನೋಡ್ದಾ? ನಿನ್ ಮೀಟ್ರೇ ಏಳ್ತಾ ಅದೆ," ಎಂದು ಮಗ ಹಿಗ್ಗಿದ. ಹಸು ಕೊಳ್ಳಲು ಮಾರನೆಯ ಸಂಜೆ ಬರುವಂತೆ ನಾಗಮಂಗಲದ ಕಡೆಯವರಿಗೆ ಅಲ್ಲಿಂದಲೇ ಫೋನು ಮಾಡಿದ.

ಮನೆಗೆ ಬಂದವಳೇ ನಾನು ಸಿಟ್ಟಿನಲ್ಲಿ ಮಿಕ್ಸಿ ಹಾಕಿ ಸಾರಿಗೆ ಕಾರ ಅರೆಯತೊಡಗಿದೆ. ಹುಡುಗಿ ಬೇಜಾರಿಗೆ ಮಿಕ್ಸಿಯ ವೈರಿಗೂ ಮೀಟರು ಕಚ್ಚಿಸಿದಳು. ಮಿಕ್ಸಿ ಗರಗರ ಅನ್ನುತ್ತಿದೆ, ಮೀಟರಿನಲ್ಲಿ ಸೊನ್ನೆ.

"ಅಂಗಾರೆ ನಮ್ ಮಿಕ್ಸಿನೂ ಪುಕ್ಸಟ್ಟೆನಾ?" ಅಂದೆ.

ಅವಳು ಹಣೆ ಚಚ್ಚಿಕೊಂಡಳು. "ಅಯ್ಯೋ ಅಜ್ಜಿ! ಎಲ್ಡು ತಂತೀನೂ ಸೇರ್ಸಿ ಕಚ್ಚಿಸ್ಬುಟ್ಟಿವ್ನಿ. ಒಂದ್ರಲ್ಲಿ ಓಯ್ತದೆ, ಇನ್ನೊಂದ್ರಲ್ಲಿ ವಾಪಸ್ ಬತ್ತದೆ. ಅದುಕ್ಕಿದು ವಜಾ ಆಗಿ ಸೊನ್ನೆ ತೋರುಸ್ತದೆ! ಶೆಡ್ನಲ್ಲೂ ಇಂಗೇ ಆಗಿರೋದು!"

ಬೆಳಿಗ್ಗೆ ತಂತಿಗಳು ಬಿಡಿಬಿಡಿಯಾಗಿರುವ ಒಂದು ತುಂಡು ವೈರು ಮಾಡಿಕೊಂಡು, ಮಗನನ್ನು ಎಳೆದುಕೊಂಡೇ ಹೋದೆವು. ಮೊಮ್ಮಗಳು ಅದನ್ನು ಪ್ಲಗ್ಗಿಗೂ ಮಿಷನ್ನಿಗೂ ನಡುವೆ ಸೇರಿಸಿ, ಒಂದೇ ತಂತಿಗೆ ಮೀಟರು ಕಚ್ಚಿಸಿದಾಗ ಅಂಕಿ ಏರಿತು. ಕರೆಂಟು ಮಾತ್ರ ನೋಡಿದರೆ ಸಾಲದೆಂದು ಮಿಷನ್ನಿಗೆ ಒಳಹೋಗುವ ಕಡೆಯೂ ಹೊರಬರುವ ಕಡೆಯೂ ವಿದ್ಯುತ್ ಶಕ್ತಿ ಅಳೆಯುವ ವ್ಯಾಟ್ ಮೀಟರ್ ಇಟ್ಟು ನೋಡಿದಳು. ಒಳಗೆ ಹೋದದ್ದು ಹೆಚ್ಚು, ಹೊರಗೆ ಬಂದದ್ದು ಕಮ್ಮಿ. ಇವತ್ತು ಹವಾ ಸರಿಯಿಲ್ಲ ಅಂದ ಮಾರುವವನು. ಮಗ ಹೊರಗೆ ಹೋಗಿ ನಾಗಮಂಗಲದವರಿಗೆ ಬರಬೇಡಿ ಎಂದು ಫೋನು ಮಾಡಿದ.

ಅವತ್ತು ಸಂಜೆ, ಹಿಂದಿನ ದಿನ ಅರೆದು ಹಾಗೇ ಉಳಿದಿದ್ದ ಕಾರದಲ್ಲೇ ಹುರುಳಿಕಾಳು ಸಾರು ಮಾಡಿದೆವು. ಸೊಸೆಯನ್ನೂ ಬಡಿಸಲು ಬಿಡದೆ ಜೊತೆಗೇ ಕೂರಿಸಿಕೊಂಡೆ.

"ಸಾರು ಚಂದಾಗದೆ," ಅಂದ ಮಗ, ತಲೆ ಎತ್ತದೆ.

"ಇರ್ದೆ ಏನ್ಲಾ? ಪುಕ್ಸಟ್ಟೆ ಮಿಕ್ಸೀಲಿ ಅರ್ದಿದ್ದು!"

ಮೊಮ್ಮಗಳಿಗೆ ನಗು ಬಂದು ನೆತ್ತಿಗೆ ಹತ್ತಿತು. ಮಗನೂ ನಕ್ಕು, ಇನ್ನೊಂದು ಮುದ್ದೆಗೆ ತಟ್ಟೆ ಮುಂದಿಟ್ಟ.