ಮೂರು ಪೌಂಡಿನ ಚೀಲ

ನಮ್ಮ ಮೇಸ್ತ್ರಿಯವರ ಕೆಳತುಟಿ ಸದಾ ಕಪ್ಪಾಗಿರುತ್ತಿತ್ತು. ಬೀಡಿಯ ಕಪ್ಪಲ್ಲ, ಅವರು ಬೀಡಿ ಮುಟ್ಟಿದವರಲ್ಲ. ಅದು ರಬ್ಬರಿನ ಕಪ್ಪು. ನೀರು ತಡೆಯುವ ಬಟ್ಟೆ ಎಂದು ಯಾರಾದರೂ ಹೇಳಿದರೆ ಸಾಕು, ಅದನ್ನು ಎರಡು ಕೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಬಾಯಿಗೆ ಒತ್ತಿಕೊಂಡು, ಕೆನ್ನೆಯಲ್ಲಿ ಎರಡು ಗುಳಿ ಬೀಳುವ ತನಕ ಉಸಿರು ಎಳೆಯುತ್ತಿದ್ದರು. ಗಾಳಿ ನುಗ್ಗಿದಲ್ಲಿ ನೀರೂ ನುಗ್ಗುತ್ತದೆ ಎಂಬುದು ಅವರ ಲೆಕ್ಕ. ಆಮೇಲೆ ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಯೋಚಿಸುತ್ತಿದ್ದರು, ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನೋಡುವ ಮದುವೆಮನೆಯ ಅಡುಗೆಯವರ ಹಾಗೆ.

ಈ ದೃಶ್ಯವನ್ನು ಅಣಕಿಸಿ ತೋರಿಸಿಯೇ ನಾನು ಮೂರು ಕ್ಯಾಂಪುಗಳಲ್ಲಿ ಹೆಸರು ಮಾಡಿದವನು. ಅಣಕಿಸುವುದನ್ನು ಬಿಟ್ಟರೆ ನನಗೆ ಬರುತ್ತಿದ್ದ ಇನ್ನೊಂದು ಕೆಲಸ ಸರ್ವೆಯ ಸರಪಳಿ ಎಳೆಯುವುದು. ಅದೂ ಸುಮಾರಾಗಿಯೇ. ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಮ್ಮ ಓವರ್ಸಿಯರು ಮೈಸೂರು ಕಡೆಯವರು. ಗಾಳಿಬೀಡಿನ ಮಳೆಯನ್ನು ಮೊದಲ ಸಲ ಕಂಡ ದಿನ ಅವರು ಮೂಗಿನಲ್ಲಿ, "ಏನಯ್ಯಾ ಇದು, ಮಳೆಯೋ ಇಲ್ಲಾ ಯಾರಾದರೂ ಮೇಲೆ ಕೂತು ಸುರೀತಾ ಇದಾರೋ?" ಎಂದದ್ದನ್ನು ನಾನು ಊಟದ ಹೊತ್ತಿಗೆಲ್ಲ ಮಾಡುತ್ತಿದ್ದೆ. ನನ್ನ ನಡಿಗೆಯನ್ನೂ ನಾನೇ ಅಣಕಿಸುತ್ತಿದ್ದೆ: ಬಾತುಕೋಳಿ ಮಿಲಿಟರಿಗೆ ಸೇರಿದಂತೆ. ಬೇರೆಯವರು ಮಾಡುವ ಮೊದಲು ನಾವೇ ಮಾಡಿಬಿಟ್ಟರೆ ನೋವು ಕಡಿಮೆ.

ಆದರೆ ನನ್ನ ಅತ್ಯುತ್ತಮ ಐಟಂ ಎಂದರೆ ಮೇಸ್ತ್ರಿಯವರೇ. ಎದೆಯೊಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡಿಸಿದಂಥ ಸ್ವರ. ಮಾತಿನ ಮುಂದೆ ಒಂದು "ಹ್ಞೂಂ", ಹಿಂದೆ ಒಂದು ಕೆಮ್ಮು. ಆ ಕೆಮ್ಮು ಬರ್ಮಾದ್ದು. ಯುದ್ಧದಲ್ಲಿ ಎರಡು ಮಳೆಗಾಲ ಅಲ್ಲಿನ ಕಾಡಿನಲ್ಲಿ ಮಲಗಿ ಬಂದವರು ಅವರು. ನಾನು ಆ ಕೆಮ್ಮನ್ನೂ ಬಿಡುತ್ತಿರಲಿಲ್ಲ. ಕತ್ತಲಲ್ಲಿ ನಾನು ಕೆಮ್ಮಿದರೆ ಅಡುಗೆಯ ಮಲಯಾಳಿ ಮೇಸ್ತ್ರಿಯೆಂದೇ ನಂಬಿ ಎದ್ದು ಕಾಫಿಗೆ ಒಲೆ ಹಚ್ಚುತ್ತಿದ್ದ. ಮೇಸ್ತ್ರಿಯವರಿಗೆ ಇದೆಲ್ಲ ಗೊತ್ತಿತ್ತು. "ನೀನು ಮನುಷ್ಯ ಅಲ್ಲ ಮಾರಾಯ, ಗ್ರಾಮಫೋನಿನ ಪ್ಲೇಟು," ಎನ್ನುತ್ತಿದ್ದರು. ಕೊನೆಯವರೆಗೂ ನನ್ನನ್ನು ಕರೆದದ್ದು ಹಾಗೆಯೇ. "ಏ ಪ್ಲೇಟೇ, ಆ ಗೂಟ ತಗೊಂಡು ಬಾ."

ಬರ್ಮಾದ ಕತೆ ಹೇಳಿ ಎಂದರೆ ಗುಂಡಿನ ಕತೆ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಒಂದೇ. "ಹ್ಞೂಂ. ಗುಂಡು ತಾಗಿ ಸತ್ತವರನ್ನು ಕಂಡಿದ್ದೇನೆ. ಒದ್ದೆಯಾಗಿ ಸತ್ತವರನ್ನು ಅದಕ್ಕಿಂತ ಜಾಸ್ತಿ ಕಂಡಿದ್ದೇನೆ. ಗುಂಡಿನವರು ಕಿರುಚ್ತಾರೆ. ಒದ್ದೆಯವರು ಸುಮ್ಮನೆ ಹೋಗ್ತಾರೆ, ಬೆಳಗ್ಗೆ ಎಬ್ಬಿಸಿದಾಗಲೇ ಗೊತ್ತಾಗೋದು."

ಆ ವರ್ಷ ಮೇ ತಿಂಗಳಲ್ಲಿ ಕೇರಳದ ಗಡಿಯ ಮಾಕುಟ್ಟದ ಮೇಲಿನ ಬೆಟ್ಟಸಾಲಿನಲ್ಲಿ ಗಡಿಕಲ್ಲುಗಳನ್ನು ಒಂದೊಂದಾಗಿ ಹುಡುಕಿ ಅಳೆಯುವ ಕೆಲಸ ಬಂತು. ಹತ್ತು ದಿನ, ಬೆಟ್ಟದ ನೆತ್ತಿಯ ಏಣಿನ ಮೇಲೇ ನಡೆದು, ಕತ್ತಲಾದಲ್ಲಿ ಮಲಗುವುದು. ಸಾಮಾನು ಹೊರುವ ಆಳು ಸಿಗಲಿಲ್ಲ. ಓವರ್ಸಿಯರಿಗೆ ಒಬ್ಬರು ಹಿಡಿಸುವ ಒಂದು ಸಣ್ಣ ಡೇರೆ, ಉಳಿದ ನಾಲ್ಕು ಜನರಿಗೆ, ಅಂದರೆ ಮೇಸ್ತ್ರಿ, ಅಡುಗೆಯವ, ಕಾಡು ಸವರುವ ಕತ್ತಿಯಾಳು ಮತ್ತು ನಾನು, ತಲೆಯಿಂದ ಕಾಲಿನವರೆಗೆ ಹೊಕ್ಕು ಮಲಗುವ ನೀರು ತಡೆಯುವ ಚೀಲ. ಅದನ್ನು ನಾನು "ಹೆಣದ ಚೀಲ" ಎಂದು ಕರೆದೆ. ಎಲ್ಲರೂ ನಕ್ಕರು. ನನ್ನ ಮಾತಿಗೆ ನಗುವುದು ಆಗ ಎಲ್ಲರಿಗೂ ಅಭ್ಯಾಸ.

ಚೀಲ ಆರಿಸಲು ಮೇಸ್ತ್ರಿಯವರೂ ನಾನೂ ಮಡಿಕೇರಿಗೆ ಹೋದೆವು. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಸಾಮಾನು ಮಾರುವ ಸಾಯಿಬರ ಅಂಗಡಿ. ನೆಲದಿಂದ ಮಾಡಿನವರೆಗೆ ಕಂಬಳಿ, ಬೂಟು, ಕ್ಯಾನ್ವಾಸು. ಸಾಯಿಬರು ಯಾವಾಗಲೂ ರಾಶಿಯ ಹಿಂದೆ ಏಣಿಯ ಮೇಲೆ. ಗಿರಾಕಿಗೆ ಅವರ ಕಾಲು ಮಾತ್ರ ಕಾಣುತ್ತಿತ್ತು.

ಮೂರು ಬಗೆಯ ಚೀಲ ಹೊರಗೆ ಬಂದವು. ಒಂದು, ಎರಡೂ ಕಡೆ ರಬ್ಬರು ಬಳಿದದ್ದು. ಮೇಸ್ತ್ರಿ ಅದರೊಳಗೆ ಹೊಕ್ಕು, ಅಂಗಡಿಯ ನಟ್ಟನಡುವೆ ಅಂಗಾತ ಮಲಗಿ, ಬಾಯಿ ಬಿಗಿದುಕೊಂಡರು. ಕಾಲು ಗಂಟೆ.

ಮೇಲಿನಿಂದ ಸಾಯಿಬರ ಸ್ವರ: "ಎಂತ ಮೇಸ್ತ್ರಿ, ಜನ ಬಾಗಿಲಿಗೆ ಬಂದು ವಾಪಸು ಹೋಗ್ತಿದ್ದಾರೆ. ಅಂಗಡೀಲಿ ಸತ್ತವರ ಮಯ್ಯತ್ತು ಇಟ್ಟಿದ್ದೇನೆ ಅಂತ ನಾಳೆ ಊರೆಲ್ಲ ಸುದ್ದಿ."

ಮೇಸ್ತ್ರಿ ಹೊರಗೆ ಬಂದು ಒಳಗೆ ಕೈಹಾಕಿ ನನಗೆ ತೋರಿಸಿದರು. ಅಂಗೈ ಒದ್ದೆ. "ನೋಡು ಪ್ಲೇಟೇ. ಮಳೆ ಹೊರಗೇ ನಿಂತಿತು, ಆದರೆ ನಮ್ಮ ಬೆವರೇ ಒಳಗೆ ಮಳೆ ಆಯ್ತು. ಇದು ಬೇಡ."

ಎರಡನೆಯದು ಮೇಣ ಹೀರಿಸಿದ ದಪ್ಪ ಕ್ಯಾನ್ವಾಸು. ಎತ್ತಿ ನೋಡಿದೆ, ಎಂಟು ಪೌಂಡು. ಮೂರನೆಯದು ತೆಳುವಾದ ಹಸಿರು ಬಟ್ಟೆ, ಒಳಗೆ ಸಣ್ಣ ರಬ್ಬರಿನ ಪದರ, ಮಡಿಸಿದರೆ ಪಂಚೆಯಷ್ಟು. ಮೂರೇ ಪೌಂಡು. ನನಗೆ ಅದರ ಮೇಲೆ ನೋಡಿದ ಕೂಡಲೇ ಪ್ರೀತಿ ಹುಟ್ಟಿತು. ಓವರ್ಸಿಯರ ಡೇರೆ ಹೊರುವವನು ನಾನೇ ಎಂದು ಆಗಲೇ ತೀರ್ಮಾನವಾಗಿತ್ತಲ್ಲ.

ಮೇಸ್ತ್ರಿ ಅದರ ಅಗಲಕ್ಕೆ ತುಟಿ ಇಟ್ಟು ಎಳೆದರು. ತಲೆ ಆಡಿಸಿದರು. ನಾನು ಗೆದ್ದೆ ಎಂದುಕೊಂಡೆ. ಆಮೇಲೆ ಬಟ್ಟೆ ಬಿಡಿಸಿ, ಇಷ್ಟು ವರ್ಷ ಮಡಿಸಿಟ್ಟಿದ್ದ ಗೆರೆಯನ್ನು ಹುಡುಕಿ ಅದಕ್ಕೆ ತುಟಿ ಇಟ್ಟರು. ಕಣ್ಣು ತೆರೆದರು.

"ಅಗಲ ಚೆನ್ನಾಗಿ ಉಂಟು. ಮಡಿಕೆ ಸತ್ತಿದೆ. ರಬ್ಬರು ಮುದಿಯಾಗೋದು ಮಡಿಕೆಯಲ್ಲೇ. ಸಾಯ್ಬ್ರೇ, ಭಾರದ್ದೇ ಬೇಕು. ನಾನು ಜೇನುಮೇಣ ತಗೊಂಡು ಬರ್ತೇನೆ, ಅಷ್ಟರಲ್ಲಿ ನಾಲ್ಕು ಒಳ್ಳೆಯದು ಹುಡುಕಿ ಇಡಿ." ಎಂದು ಪಕ್ಕದ ಬೀದಿಗೆ ಹೋದರು.

ಸ್ವಲ್ಪ ಹೊತ್ತಿಗೆ ಏಣಿಯ ಮೇಲಿನಿಂದ ಸಾಯಿಬರು ಕೇಳಿದರು. "ಮೇಸ್ತ್ರಿ, ಬಂದ್ರಾ? ಭಾರದ್ದರಲ್ಲಿ ಒಂದಕ್ಕೆ ಇಲಿ ಹಲ್ಲು ಹಾಕಿದೆ. ಬೇರೆ ಹುಡುಕ್ಬೇಕಾದರೆ ಇಡೀ ರಾಶಿ ಇಳಿಸ್ಬೇಕು. ಯಾವುದು ಕಟ್ಟಲಿ?"

ಮೇಸ್ತ್ರಿ ಇನ್ನೂ ಬಂದಿರಲಿಲ್ಲ. ಅಂಗಡಿಯಲ್ಲಿ ನಾನೊಬ್ಬನೇ. ನಾನು ಎದೆಯಲ್ಲಿ ಜಲ್ಲಿಕಲ್ಲು ಅಲ್ಲಾಡಿಸಿದೆ.

"ಹ್ಞೂಂ. ಬಿಡಿ ಸಾಯ್ಬ್ರೇ, ಹಗುರದ್ದೇ ಕಟ್ಟಿ." ಒಂದು ಕೆಮ್ಮು.

ಇಷ್ಟೇ. ಅಷ್ಟು ಚೆನ್ನಾಗಿ ನಾನು ಯಾರನ್ನೂ ಅದುವರೆಗೆ ಅಣಕಿಸಿರಲಿಲ್ಲ. ಒಳಗೊಳಗೇ ಹೆಮ್ಮೆಪಟ್ಟೆ. ಸಾಯಿಬರು ಗೋಣಿಯಲ್ಲಿ ಕಟ್ಟಿ, ಹೊಲಿದು, ಮೇಲೆ ಚೀಟಿ ಅಂಟಿಸಿ, ಮೇಸ್ತ್ರಿ ವಾಪಸು ಬರುವಷ್ಟರಲ್ಲಿ ಬಸ್ಸಿನ ಮಾಡಿನ ಮೇಲೆ ಹಾಕಲು ಆಳಿನ ಕೈಲಿ ಕೊಟ್ಟಾಗಿತ್ತು.

ಮಾಕುಟ್ಟದ ಚೆಕ್‌ಪೋಸ್ಟಿನ ಹತ್ತಿರ ಗೋಣಿ ಬಿಚ್ಚಿದೆವು. ಹಸಿರು ಚೀಲಗಳು ಜಾರಿ ಬಿದ್ದವು. ಓವರ್ಸಿಯರು ಚೀಟಿ ತೆಗೆದು ಓದಿದರು: ಮೇಸ್ತ್ರಿಯವರು ಹೇಳಿದಂತೆ ಹಗುರದ್ದು ನಾಲ್ಕು.

"ಏನ್ರೀ ಇದು? ಭಾರದ್ದೇ ಆಗಬೇಕು ಅಂತ ನನ್ನ ತಲೆ ತಿಂದಿರಲ್ಲ?"

ಮೇಸ್ತ್ರಿ ಚೀಟಿ ನೋಡಿದರು. ನನ್ನನ್ನು ನೋಡಿದರು. ನಾನು ಬೂಟಿನ ದಾರ ಕಟ್ಟುತ್ತಿದ್ದೆ. ಕಟ್ಟಿದ್ದ ದಾರವನ್ನೇ ಮತ್ತೆ ಕಟ್ಟುತ್ತಿದ್ದೆ.

"ಹೌದು ಸ್ವಾಮಿ. ನಾನೇ ಹೇಳಿದ್ದು," ಎಂದರು.

"ವಯಸ್ಸಾಯ್ತು ನಿಮಗೆ," ಎಂದರು ಓವರ್ಸಿಯರು. ವಾಪಸು ಹೋಗಿ ಬದಲಾಯಿಸಲು ಮೂರು ದಿನ ಬೇಕು, ಮುಂಗಾರು ಬಾಗಿಲಿಗೆ ಬಂದಿದೆ, ಆಗುವುದಿಲ್ಲ ಎಂದರು. ಮೇಸ್ತ್ರಿ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರು ತಲೆ ತಗ್ಗಿಸಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಎಲ್ಲರೂ ಆಚೆ ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನನ್ನ ಸ್ವರ ಲಾಯ್ಕ ಕಲ್ತಿದ್ದೀ ಪ್ಲೇಟೇ. ಆದರೆ ಕಿವಿಯಲ್ಲಿ ಮಾತ್ರ ಕಲ್ತಿ. ತುಟಿಯಲ್ಲೂ ಕಲಿ."

ಬೈದಿದ್ದರೆ ನಾನು ಆ ಬೈಗುಳವನ್ನೂ ಮರುದಿನ ಅಣಕಿಸಿ ಹಗುರ ಮಾಡಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ.

ಆ ಸಂಜೆ ಅವರು ಒಲೆಯ ಬಳಿ ಕೂತು ಜೇನುಮೇಣಕ್ಕೆ ಕಾಡಿನ ಹಾಲುಮಡ್ಡಿ ಮರದ ಅಂಟು ಸೇರಿಸಿ ಕರಗಿಸಿದರು. ನನ್ನ ಚೀಲ ಮೊದಲು. ಒಂದೊಂದು ಮಡಿಕೆಗೂ ತುಟಿ ಇಟ್ಟು, ಗಾಳಿ ಬಂದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಬಟ್ಟೆಯ ಚೂರಿನಲ್ಲಿ ಬಿಸಿ ಮೇಣ ಬಳಿದು, ಮತ್ತೆ ತುಟಿ. ಆಮೇಲೆ ಅಡುಗೆಯವನದು. ಆಮೇಲೆ ಕತ್ತಿಯಾಳಿನದು. ಮೇಣದ ಡಬ್ಬಿ ಒರೆಸಿ ತೆಗೆಯುವ ಹಂತಕ್ಕೆ ಬಂದಿದ್ದು ನನಗೆ ಕಾಣುತ್ತಿತ್ತು.

"ನಿಮ್ಮದು, ಮೇಸ್ತ್ರಿ?"

ಮಾತು ಮುಗಿಸಬೇಕೆಂದಾಗ ಅವರು ಮನೆಯ ಅರೆಭಾಷೆಗೆ ಜಾರುತ್ತಿದ್ದರು. "ನಂದ್ ಲಾಯ್ಕುಟ್ಟು," ಎಂದರು, ನನ್ನದು ಚೆನ್ನಾಗಿದೆ ಅಂತ.

ಅವರ ಚೀಲ ನನ್ನ ಕೈಗೆಟುಕುವಲ್ಲೇ ಇತ್ತು. ಒಂದು ಸಲ ಬಾಯಿಗೆ ಒತ್ತಿ ನೋಡಿದ್ದರೆ ಸಾಕಿತ್ತು. ನೋಡಲಿಲ್ಲ. ನೋಡಿದರೆ ಗೊತ್ತಾಗಿಬಿಡುತ್ತಿತ್ತು, ಅದಕ್ಕೇ ನೋಡಲಿಲ್ಲ.

ಆರು ದಿನ ಬಿಸಿಲು. ಹಗುರದ ಚೀಲ ಹೊತ್ತು ನಾನು ಬೆಟ್ಟದ ಏಣಿನ ಮೇಲೆ ಹಾಡುತ್ತ ನಡೆದೆ. ಏಳನೆಯ ದಿನ ಮಧ್ಯಾಹ್ನ ಕೇರಳದ ಕಡೆಯಿಂದ ಆಕಾಶ ಕಪ್ಪಾಗಿ ಬಂದು ಬೆಟ್ಟದ ಮೇಲೆ ಕೂತಿತು. ಮೂರು ದಿನ ಏಳಲಿಲ್ಲ. ಬೆಂಕಿ ಹಚ್ಚುವಂತಿಲ್ಲ. ಗಾಳಿಗೆ ನಿಲ್ಲುವಂತಿಲ್ಲ. ನನ್ನ ಚೀಲದ ಮೇಲೆ ಮಳೆ ಬಡಿದ ಸದ್ದು ಕೇಳುತ್ತಿತ್ತು, ಒಳಗೆ ನಾನು ಬೆಚ್ಚಗಿದ್ದೆ. ನಿದ್ದೆಯೂ ಬಂತು. ಸುಳ್ಳು ಹೇಳಿ ಪ್ರಯೋಜನವಿಲ್ಲ, ಚೆನ್ನಾಗಿಯೇ ಬಂತು.

ಎಂಟನೆಯ ಬೆಳಿಗ್ಗೆ ಮೇಸ್ತ್ರಿ ಎದ್ದು ಕೂತಿದ್ದರು. "ಒದ್ದೆಯಾಯ್ತಾ?" ಎಂದು ಕೇಳಿದೆ. "ಇಲ್ಲ ಮಾರಾಯ, ಬೆವರು," ಎಂದರು. ಹಲ್ಲು ಕಟಕಟ ಎನ್ನುತ್ತಿತ್ತು. ಅವತ್ತೂ ಅವರು ಎರಡು ಕಲ್ಲು ಹುಡುಕಿದರು. ಸಂಜೆ ಜ್ವರ ಏರಿತು. ಓವರ್ಸಿಯರು ತಮ್ಮ ಡೇರೆಯೊಳಗೆ ಅವರನ್ನು ಮಲಗಿಸಿ, ತಾವು ಕೊಡೆ ಹಿಡಿದು ಹೊರಗೆ ಕೂತರು. ಅಂದಿನಿಂದ ನಾನು ಓವರ್ಸಿಯರ ಮೂಗಿನ ಮಾತು ಅಣಕಿಸಿಲ್ಲ.

ಒಂಬತ್ತನೆಯ ದಿನ ಎರಡು ಗಳ ಕಡಿದು, ಕಂಬಳಿ ಕಟ್ಟಿ, ಅವರನ್ನು ಹೊತ್ತು ಇಳಿದೆವು. ಮುಂದೆ ಕತ್ತಿಯಾಳು, ಹಿಂದೆ ನಾನು. ಅವರ ಮುಖ ನನ್ನ ಕಡೆಗೇ ಇತ್ತು. ಜಾರುವ ಇಳಿಜಾರಿನಲ್ಲಿ ಅವರು ಒಮ್ಮೆ ಕಣ್ಣು ತೆರೆದು, ಎದೆಯೊಳಗಿನ ಜಲ್ಲಿಯಲ್ಲಿ ಕೇಳಿದರು. "ಭಾರ ಆಗ್ತದಾ ಪ್ಲೇಟೇ?"

"ಇಲ್ಲ ಮೇಸ್ತ್ರಿ."

ಚೆಕ್‌ಪೋಸ್ಟಿನ ಗೇಟು ಕಾಣುವ ತಿರುವಿನಲ್ಲಿ ಗಳ ಕೆಳಗಿಟ್ಟು ಉಸಿರು ತೆಗೆದುಕೊಂಡೆವು. ನಾವು ತೆಗೆದುಕೊಂಡೆವು, ಅವರು ತೆಗೆದುಕೊಳ್ಳಲಿಲ್ಲ. ಸುಮ್ಮನೆ ಹೋಗಿದ್ದರು, ಅವರೇ ಹೇಳಿದ್ದ ಹಾಗೆ.

ಅವರ ಊರು ಗಾಳಿಬೀಡಿಗೆ ಒಯ್ಯಲು ಲಾರಿ ಬರುವವರೆಗೆ ಮಳೆಯಲ್ಲಿ ಇಡಬಾರದೆಂದು ಅವರನ್ನು ಒಂದು ಚೀಲದೊಳಗೆ ಹಾಕಿದೆವು. ನನ್ನ ಚೀಲ, ಮೇಣ ಬಳಿದದ್ದು. ನಾನು ಇಟ್ಟಿದ್ದ ಹೆಸರು ನೆನಪಾಯಿತು. ಅವರ ಚೀಲವನ್ನು ಗೇಟಿನ ಕಟ್ಟೆಯ ಮೇಲೆ ಹರವಿ, ನಡುಮಡಿಕೆಗೆ ತುಟಿ ಒತ್ತಿ ಎಳೆದೆ. ಗಾಳಿ ಸಲೀಸಾಗಿ ಬಂತು. ಬಾಯಿ ತುಂಬ ಬಂತು. ಹಳೆಯ ರಬ್ಬರಿನ ಕಹಿಯೂ ಬಂತು.

ಹದಿನೈದು ದಿನ ಬಿಟ್ಟು ಅವರ ಮಗ್ಗು, ಮೇಣದ ಡಬ್ಬಿ, ಬೂಟು ಕೊಡಲು ಮನೆಗೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕಾಫಿ ತಂದಿಟ್ಟರು. "ನೀನೇ ಅಲ್ವಾ ಅವರ ಹಾಗೆ ಮಾತಾಡೋ ಹುಡುಗ? ಮನೆಗೆ ಬಂದಾಗೆಲ್ಲ ಹೇಳಿ ಹೇಳಿ ನಗಾಡ್ತಿದ್ರು. ನನಗಿಂತ ಅವನೇ ನನ್ನ ಹಾಗೆ ಕೆಮ್ಮೋದು ಅಂತ." ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡರು. "ಒಂದೇ ಒಂದು ಸಲ ಮಾತಾಡು ಮಗ. ನಾನು ಆಚೆ ತಿರುಗಿ ಕೂರ್ತೇನೆ."

ತಿರುಗಿ ಕೂತರು. ನಾನು ಬಾಯಿ ತೆರೆದೆ. ಆ ಸ್ವರದಲ್ಲಿ ನಾನು ಕೊನೆಗೆ ಆಡಿದ ಮಾತು ಯಾವುದೋ ಅದೇ ನಾಲಿಗೆಯ ತುದಿಯಲ್ಲಿತ್ತು. ಹಾಗಾಗಿ ನನ್ನ ಸ್ವರದಲ್ಲೇ ಎಲ್ಲ ಹೇಳಿದೆ: ಅಂಗಡಿ, ಏಣಿ, ಚೀಟಿ, ಮೇಣ. ಅವರು ಕೊನೆಯವರೆಗೂ ಈ ಕಡೆ ತಿರುಗಲಿಲ್ಲ.

"ಕಾಫಿ ಕುಡಿ," ಎಂದರು. ಕುಡಿದೆ. "ಇನ್ನು ಈ ಕಡೆ ಬರ್ಬೇಡ ಆಯ್ತಾ," ಎಂದರು. ಗಟ್ಟಿಯಾಗಿಯೂ ಹೇಳಲಿಲ್ಲ. ನಾನು ಹೋಗಿಲ್ಲ.

ಈಗಲೂ ಊಟದ ಹೊತ್ತಿಗೆ ಕ್ಯಾಂಪಿನಲ್ಲಿ ಎಲ್ಲರನ್ನೂ ನಗಿಸುತ್ತೇನೆ, ಬಾತುಕೋಳಿಯ ನಡಿಗೆ ಇನ್ನೂ ಓಡುತ್ತದೆ. ಮೇಸ್ತ್ರಿಯವರದನ್ನು ಮಾಡು ಎಂದರೆ ಮರೆತುಹೋಗಿದೆ ಎನ್ನುತ್ತೇನೆ. ಮರೆತಿಲ್ಲ. ಚೀಲ ಆರಿಸಲು ಈಗ ನನ್ನನ್ನೇ ಕಳಿಸುತ್ತಾರೆ. ಒಂದೊಂದರ ಮಡಿಕೆಗೂ ತುಟಿ ಇಡುತ್ತೇನೆ, ಕಾಲು ಗಂಟೆ ಒಳಗೆ ಮಲಗುತ್ತೇನೆ, ಜನ ಬಾಗಿಲಿಗೆ ಬಂದು ವಾಪಸು ಹೋಗುತ್ತಾರೆ.

ಮೊನ್ನೆ ಹೋದಾಗಲೂ ಸಾಯಿಬರು ಏಣಿಯ ಮೇಲಿನಿಂದ ಕೇಳಿದರು, "ಯಾವುದು ಕಟ್ಟಲಿ?"

ಇಷ್ಟು ವರ್ಷ ಆರಿಸಿದ್ದನ್ನು ಆಳಿಗೆ ಬೆರಳಲ್ಲಿ ತೋರಿಸಿ ಬರುತ್ತಿದ್ದೆ, ಆ ಏಣಿಯ ಕೆಳಗೆ ಬಾಯಿ ಬಿಟ್ಟಿರಲಿಲ್ಲ. ಈ ಸಲವೂ ಇದ್ದಲ್ಲಿಂದ ಉತ್ತರ ಕೊಡಲಿಲ್ಲ. ಕಂಬಳಿಯ ರಾಶಿ ಬಳಸಿ, ಬೂಟುಗಳನ್ನು ದಾಟಿ ಒಳಗೆ ಹೋಗಿ, ಅವರಿಗೆ ನನ್ನ ಮುಖ ಕಾಣುವ ಹಾಗೆ ಏಣಿಯ ಬುಡದಲ್ಲಿ ನಿಂತು ಹೇಳಿದೆ.

"ಭಾರದ್ದು."

ಸಾಯಿಬರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಅಲ್ಲ ಮಾರಾಯ, ಇಷ್ಟು ವರ್ಷ ಬರ್ತಿದ್ದೀ," ಎಂದರು, "ನಿನ್ನ ಸ್ವರ ಹೀಗೆ ಉಂಟು ಅಂತ ನನಗೆ ಇವತ್ತೇ ಗೊತ್ತಾದ್ದು."