ಒಂದೇ ಮಾಡೆಲಿನ ಎರಡು ಗಿಟಾರು

ಹೊಸ ಗಿಟಾರಿನ ವಾರ್ನಿಷಿನ ವಾಸನೆ ಮೂಗಿಗೆ ಬಿದ್ದರೆ ಸಾಕು, ನನಗೆ ನನ್ನದೇ ಒಂದು ಹಳೆಯ ಕಥೆ ನೆನಪಾಗುತ್ತದೆ. ನೆನಪಾದ ಮೇಲೆ ಹೇಳದೆ ಸುಮ್ಮನಿರುವ ಜಾತಿ ನನ್ನದಲ್ಲ. ವಾರವಿಡೀ ಮುಳ್ಳೇರಿಯದ ಶಾಲೆಯಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ನಾನು ಭಾನುವಾರ ಬೆಳಿಗ್ಗೆ ಮನೆಯ ಜಗಲಿಯಲ್ಲಿ ಗಿಟಾರು ಟೀಚರು. ಕಳೆದ ತಿಂಗಳು ಅಲ್ಲಿ ಚಾಪೆಯ ಮೇಲೆ ಎರಡು ಗಿಟಾರು ಅಕ್ಕಪಕ್ಕ ಮಲಗಿದ್ದವು. ಒಂದೇ ಕಂಪೆನಿ, ಒಂದೇ ಮಾಡೆಲ್, ಒಂದೇ ಜೇನಿನ ಬಣ್ಣ. ಒಂದು ಸಿಂಚನಳದು, ಇನ್ನೊಂದು ಅವಳ ಗೆಳತಿ ಆಯಿಷಾಳದು.

ಸಿಂಚನ ಬೆರಳ ತುದಿಗಳನ್ನು ಮುಂದೆ ಚಾಚಿದಳು. ಕೆಂಪಗೆ ಬಾತಿದ್ದವು. ಆಯಿಷಾಳ ಗಿಟಾರಿನಲ್ಲಿ ಒತ್ತಿದರೆ ಏನೂ ಆಗುವುದಿಲ್ಲವಂತೆ, ತನ್ನದರಲ್ಲಿ ಮಾತ್ರ ಹೀಗಂತೆ. ಈ ತಿಂಗಳು ಮುಗಿಸಿ ತರಗತಿ ಬಿಡುತ್ತೇನೆ ಎಂದು ತಲೆ ತಗ್ಗಿಸಿ ಹೇಳಿದಳು.

"ಎರಡೂ ಒಂದೇ ಮಾಡೆಲ್ ಅಲ್ವಾ? ಮತ್ತೆ ವ್ಯತ್ಯಾಸ ಎಲ್ಲಿಂದ ಬರುವುದು? ನಿನ್ನ ಅಭ್ಯಾಸ ಸಾಲದು ಅಷ್ಟೆ" ಎಂದೆ. ಗಣಿತದವಳಿಗೆ ಸಮ ಎಂದರೆ ಸಮ. ಆಮೇಲೆ ಕಾಲು ಮಡಚಿ ಕೂತು ನನ್ನ ಕಥೆ ಸುರುಮಾಡಿದೆ. ಕಲಿಯಲು ಬಂದ ಯಾರಿಗೂ ಅದನ್ನು ಕೇಳಿಸದೆ ಬಿಟ್ಟವಳಲ್ಲ, ನೀವೂ ಕೇಳಿ.

ನನಗೆ ಹದಿಮೂರು, ಅಣ್ಣನಿಗೆ ಹದಿನಾರು. ಶಾರ್ಜಾದಲ್ಲಿದ್ದ ಚಿಕ್ಕಪ್ಪ ರಜೆಗೆ ಬರುವಾಗ, ಮಕ್ಕಳು ಜಗಳ ಆಡಬಾರದು ಎಂದು ಒಂದೇ ಥರದ ಎರಡು ಗಿಟಾರು ತಂದಿದ್ದರು. ಯಾವುದು ಯಾರದೆಂದು ಗೊತ್ತಾಗಲೆಂದು ಅಮ್ಮ ನನ್ನದರ ತಲೆಗೆ ತನ್ನದೊಂದು ಕೆಂಪು ಬೊಟ್ಟು ಅಂಟಿಸಿದಳು. ನಮ್ಮ ಊರು ನೆಕ್ರಾಜೆಯಲ್ಲಿ ಅದಕ್ಕೆ ಮೊದಲು ಯಾರೂ ಗಿಟಾರು ಕಂಡವರಿರಲಿಲ್ಲ. ತಂಬೂರಿ ಯಾಕೆ ಮಲಗಿದೆ ಎಂದು ಕೇಳಿದವರೂ ಇದ್ದರು. ಪ್ರತಿ ಶನಿವಾರ ಜೀಪಿನಲ್ಲಿ ತೂಗಾಡುತ್ತ ಬದಿಯಡ್ಕಕ್ಕೆ ಹೋಗಿ ಒಬ್ಬರು ಮಾಸ್ಟ್ರ ಹತ್ತಿರ ಕಲಿಯುತ್ತಿದ್ದೆವು. ಅಣ್ಣನ ಗಿಟಾರು ಮುಟ್ಟಿದರೆ ಹಾಡುತ್ತಿತ್ತು. ನನ್ನದು ಗೊರಗೊರ ಎನ್ನುತ್ತಿತ್ತು. ಅದರಲ್ಲೂ ಹಲವು ಸ್ವರ ಒಟ್ಟಿಗೆ ನುಡಿಸುವ ಎಫ್ ಎಂಬ ಆ ಕಾರ್ಡಿಗೆ ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡ ಮಲಗಿಸಬೇಕು. ನನ್ನ ಬೆರಳು ಮಲಗುತ್ತಿತ್ತು, ತಂತಿಗಳು ಮಾತ್ರ ಬಗ್ಗುತ್ತಿರಲಿಲ್ಲ. ಎರಡೂ ಒಂದೇ ಮಾಡೆಲ್, ನಿನಗೆ ಮನಸ್ಸಿಲ್ಲ ಎಂದು ಮಾಸ್ಟ್ರು ತೀರ್ಪು ಕೊಟ್ಟರು. ನನಗೂ ಹಾಗೇ ಅನ್ನಿಸಿತು. ಮಳೆಗಾಲ ಬಂದದ್ದೇ ನೆಪವಾಗಿ ಗಿಟಾರು ಬಿಟ್ಟುಬಿಟ್ಟೆ. ತೇವಕ್ಕೆ ಹಾಳಾಗದಿರಲೆಂದು ಅಮ್ಮ ಎರಡನ್ನೂ ಹಪ್ಪಳದ ಡಬ್ಬಿಗಳ ಜೊತೆ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು.

ಓಣಂ ಹೊತ್ತಿಗೆ ಚಿಕ್ಕಪ್ಪ ಮತ್ತೆ ಬರುತ್ತಾರೆಂದು ಗೊತ್ತಾಯಿತು. ಅವರೆದುರು ಒಂದು ಹಾಡಾದರೂ ಬಾರಿಸಬೇಕಲ್ಲ. ಅಣ್ಣ ಅಟ್ಟದಿಂದ ಗಿಟಾರು ಇಳಿಸಿ ಕೊಟ್ಟ. ಕಣ್ಣು ಮುಚ್ಚಿ ಎಫ್ ಒತ್ತಿದೆ. ಆರೂ ತಂತಿಗಳು ಒಟ್ಟಿಗೆ ಹಾಡಿದವು. ನನ್ನ ಬೆರಳುಗಳಿಗೆ ಬುದ್ಧಿ ಬಂದಿತ್ತು! ಆಮೇಲೆ ನಾನು ಗಿಟಾರು ಕೆಳಗಿಟ್ಟದ್ದೇ ಇಲ್ಲ. ಅಣ್ಣ ಮಾತ್ರ ಅದೇ ವರ್ಷ ಬಿಟ್ಟು ವಾಲಿಬಾಲಿಗೆ ಸೇರಿಕೊಂಡ. ಮನಸ್ಸಿದ್ದರೆ ಬೆರಳು ತಾನಾಗಿ ಕಲಿಯುತ್ತದೆ ಎಂಬ ಬೋಧನೆಯೊಂದಿಗೆ ನನ್ನ ಕಥೆ ಯಾವಾಗಲೂ ಮುಗಿಯುತ್ತಿತ್ತು.

ಆ ಭಾನುವಾರ ಅಣ್ಣ ಒಂದು ಚೀಲ ಮುಳ್ಳುಸೌತೆ ಹೊತ್ತು ನೆಕ್ರಾಜೆಯಿಂದ ಬಂದಿದ್ದ. ಒಳಗೆ ಕೂತು ಕಥೆ ಕೇಳಿ ನಗಲು ಹೋಗಿ, ಕುಡಿಯುತ್ತಿದ್ದ ಕಾಫಿಯನ್ನು ನೆತ್ತಿಗೆ ಏರಿಸಿಕೊಂಡ. ಮಕ್ಕಳು ಹೋದ ಮೇಲೆ ಎಂತ ನಗು ಎಂದು ಕೇಳಿದೆ.

"ಆ ಮಗುವಿಗೆ ಯಾಕೆ ಸುಳ್ಳು ಹೇಳ್ತೀ ಮಾರಾಯ್ತಿ? ಅಟ್ಟದಿಂದ ಇಳಿಸುವಾಗ ನಾನು ಬೊಟ್ಟು ಬದಲಿಸಿದ್ದು. ನೀನು ಇಷ್ಟು ವರ್ಷ ಬಾರಿಸಿದ್ದು ನನ್ನ ಗಿಟಾರು."

ನಾನು ಬಿಟ್ಟ ಮೇಲೆ ಒಂದು ದಿನ ಕುತೂಹಲಕ್ಕೆ ನನ್ನದನ್ನು ಬಾರಿಸಿ ನೋಡಿದ್ದನಂತೆ. ಎರಡು ನಿಮಿಷದಲ್ಲಿ ಬೆರಳು ಉರಿಯಿತಂತೆ. ಹೇಳಿದರೆ ನಾನು ಒಪ್ಪುವವಳಲ್ಲ, ಮಾಸ್ಟ್ರಂತೂ ನಂಬುವವರಲ್ಲ. ಹಾಗಾಗಿ ಬೊಟ್ಟು ಕಿತ್ತು ಇನ್ನೊಂದಕ್ಕೆ ಅಂಟಿಸಿದ್ದ.

ನನಗೆ ಮೊದಲು ಬಂದದ್ದು ಸಿಟ್ಟು. ಮೂವತ್ತೈದು ವರ್ಷ ಎದೆಯುಬ್ಬಿಸಿ ಹೇಳಿಕೊಂಡ ಸಾಧನೆ ಒಂದು ಬೊಟ್ಟಿನ ಅಂಟಿನ ಮೇಲೆ ನಿಂತಿತ್ತು ಎಂದರೆ ಯಾರಿಗೆ ಬರುವುದಿಲ್ಲ? ಹಾಗಾದರೆ ನಾನು ಕಲಿತದ್ದೆಲ್ಲ ಎಂತ ಎಂದು ಕೇಳಿದೆ. "ಬಾರಿಸಿದ್ದು ನೀನೇ ಅಲ್ವಾ?" ಎಂದ. ಸಿಟ್ಟು ಅಷ್ಟಕ್ಕೇ ಇಳಿಯಿತು. ಆಮೇಲೆ ಅವನ ಮುಖ ನೋಡುತ್ತ, ಅಷ್ಟು ಚೆನ್ನಾಗಿ ಬಾರಿಸುತ್ತಿದ್ದವನು ಯಾಕೆ ಬಿಟ್ಟ ಎಂಬುದು ಈಗಷ್ಟೆ ನನ್ನ ದಡ್ಡ ತಲೆಗೆ ಹೊಳೆದು ಕಣ್ಣು ತುಂಬಿ ಬಂತು.

ಆದರೂ ಒಂದೇ ಮಾಡೆಲ್ ಹೇಗೆ ಎರಡಾಗುತ್ತದೆ? ಮಂಗಳೂರಿನಲ್ಲಿ ಗಿಟಾರು ರಿಪೇರಿ ಮಾಡುವವರೊಬ್ಬರಿಗೆ ಫೋನು ಮಾಡಿದೆ. ಅವರು ನನ್ನ ಗಣಿತವನ್ನೆಲ್ಲ ಸಾವಧಾನವಾಗಿ ತಿದ್ದಿದರು. ಗಿಟಾರಿನ ಕುತ್ತಿಗೆಯನ್ನು ಯಂತ್ರ ಕೊರೆದರೂ ಕೊನೆಗೆ ಉಜ್ಜಿ ನಯ ಮಾಡುವುದು ಮನುಷ್ಯನ ಕೈಯಂತೆ. ಬೆಳಗಿನ ಕೈ, ಸಂಜೆಯ ದಣಿದ ಕೈ ಒಂದೇ ಅಲ್ಲ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅಂಗೈಗೆ ತಿಳಿಯುತ್ತದೆ. ಮರವೂ ಅಷ್ಟೆ, ಒಂದು ಹಲಗೆ ನಮ್ಮ ಮಳೆಗಾಲದ ತೇವ ಕುಡಿದು ತಂತಿಗಳ ಎಳೆತಕ್ಕೆ ಬಾಗುತ್ತದೆ, ಅದರ ಪಕ್ಕದ್ದು ಬಾಗುವುದಿಲ್ಲ. ಬಾಗಿದರೆ ತಂತಿಗಳು ಮರದಿಂದ ಮೇಲೇಳುತ್ತವೆ, ಒತ್ತಲು ಎರಡರಷ್ಟು ಬಲ ಬೇಕು. ಒಂದೇ ಹಿಟ್ಟು, ಒಂದೇ ಕಾವಲಿ, ಆದರೂ ನನ್ನ ಯಾವ ಎರಡು ದೋಸೆ ಒಂದೇ ಥರ ಎದ್ದಿವೆ? ಹೆಚ್ಚಿನ ಗಿಟಾರುಗಳ ಕುತ್ತಿಗೆಯೊಳಗೆ ಒಂದು ಉಕ್ಕಿನ ಸರಳು ಇರುತ್ತದೆ, ಕೀಲಿಯಲ್ಲಿ ಸ್ವಲ್ಪ ತಿರುಗಿಸಿದರೆ ಬಾಗು ನೇರವಾಗುತ್ತದೆ ಎಂದೂ ಹೇಳಿದರು. ಇಷ್ಟು ವರ್ಷ ಕಲಿಸುತ್ತಿರುವ ನನಗೆ ಆ ಸರಳು ಇರುವುದು ಗೊತ್ತಿತ್ತು, ಮುಟ್ಟುವ ಧೈರ್ಯ ಮಾತ್ರ ಮಾಡಿರಲಿಲ್ಲ.

ಮುಂದಿನ ಭಾನುವಾರ ಸಿಂಚನಳ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡೆ. ಎರಡು ತಿಂಗಳಿಂದ ಶ್ರುತಿ ಮಾಡಿ ಕೊಡುತ್ತಿದ್ದೆ, ಒಮ್ಮೆಯೂ ಎಫ್ ಒತ್ತಿ ನೋಡಿರಲಿಲ್ಲ. ಒತ್ತಿದೆ. ಗೊರಗೊರ ಎಂದಿತು. ನಾಚಿಕೆಯಾಯಿತು. ಫೋನಿನಲ್ಲಿ ರಿಪೇರಿಯವರನ್ನು ಇಟ್ಟುಕೊಂಡು, ಅವರು ಹೇಳಿದಂತೆ ತಂತಿ ಸಡಿಲಿಸಿ, ಗಿಟಾರಿನ ಜೊತೆ ಬಂದಿದ್ದ ಕೀಲಿಯಲ್ಲಿ ಸರಳನ್ನು ಕಾಲು ಸುತ್ತು ತಿರುಗಿಸಿದೆ, ಮತ್ತೆ ಬಿಗಿದೆ. ಸಿಂಚನ ಬೆರಳು ಮಲಗಿಸಿದಳು. ತಂತಿಗಳೆಲ್ಲ ಹಾಡಿದ್ದು ಕೇಳಿ ಬೆಚ್ಚಿ ಕೈ ತೆಗೆದಳು, ಮತ್ತೆ ಒತ್ತಿದಳು, ಮತ್ತೆ.

"ತಪ್ಪು ನಿನ್ನದಲ್ಲ ಮಗಾ, ನಾನು ನೋಡಬೇಕಿತ್ತು" ಎಂದೆ. ಅವಳಿಗೆ ಅದು ಕೇಳಿಸಿತೋ ಇಲ್ಲವೋ. ತಿಂಗಳು ಮುಗಿಯಿತು, ಅವಳು ತರಗತಿ ಬಿಡಲಿಲ್ಲ.

ಅದೇ ವಾರ ಕೀಲಿ ಹಿಡಿದು ನೆಕ್ರಾಜೆಗೆ ಹೋದೆ. ನನ್ನದಾಗಿದ್ದ ಆ ಹಠಮಾರಿ ಗಿಟಾರು ಅಣ್ಣನ ಕಪಾಟಿನ ಮೇಲಿತ್ತು. ತುಕ್ಕು ಹಿಡಿದ ತಂತಿ ಕಿತ್ತು ಹೊಸದು ಹಾಕಿ, ಅದರ ಸರಳನ್ನೂ ತಿರುಗಿಸಿ ಅವನ ಕೈಗೆ ಕೊಟ್ಟೆ. ಈಗ ಭಾನುವಾರ ನನ್ನ ಚಾಪೆಯ ಮೇಲೆ ಮೂವರು. ಮೂರನೆಯವನಿಗೆ ಐವತ್ತು ದಾಟಿದೆ, ಆ ಎರಡು ಹುಡುಗಿಯರು ಅವನ ತಾಳ ತಿದ್ದುತ್ತಾರೆ, ಅವನು ಮರುಮಾತಿಲ್ಲದೆ ತಿದ್ದಿಸಿಕೊಳ್ಳುತ್ತಾನೆ. ಬೆರಳು ನೋಯುತ್ತದೆ ಎಂದು ಯಾರಾದರೂ ಅಂದರೆ ನಾನೀಗ ಕಥೆ ಹೇಳುವುದಿಲ್ಲ, ಇಲ್ಲಿ ಕೊಡು ನೋಡುವ ಎಂದು ಕೈ ಚಾಚುತ್ತೇನೆ.